ಹೋರಿ ಬಿಡುವ ತಾರೀಖು

ಹಾಗನ್ ಮನೆಯ ಅಡುಗೆಮೇಜಿನ ಮೇಲೆ
ಕ್ಯಾಲೆಂಡರ್ ಬೋರಲು ಬಿದ್ದಿತ್ತು. ರೋಲಿನ್ ಅದನ್ನು ತಿರುವಿ
ಮೇ ಹತ್ತರ ಕೆಂಪು ಗುರುತನ್ನು ಹೆಬ್ಬೆರಳಿಂದ ಮುಚ್ಚಿ ಹೇಳಿದ:
'ಈ ವರ್ಷ ಹೋರಿಗಳನ್ನು ಆಗಸ್ಟ್ ಒಂದಕ್ಕೆ ಬಿಡುತ್ತೇನೆ, ವರ್ಲಾ.'

ನಾನು ಬೆರಳು ಮಡಚಬೇಕಾಗಿರಲಿಲ್ಲ.
ಒಂಬತ್ತು ತಿಂಗಳು, ಮೇಲೆ ಒಂಬತ್ತೋ ಹತ್ತೋ ದಿನ.
ಫೆಬ್ರವರಿಯ ಕರು ಇನ್ನು ಮೇ ತಿಂಗಳ ಕರು.
ಮೇ ತಿಂಗಳ ಕರುವಿಗೆ ಇರುಳು ಪಾಳಿಯವಳು ಬೇಡ.
ಅದನ್ನವನು ಹೇಳಲಿಲ್ಲ. ಕಾಫಿ ಬಗ್ಗಿಸಿದ.

ಹತ್ತೊಂಬತ್ತು ಚಳಿಗಾಲ ಈ ಮೊಂಟಾನಾ ಬಯಲಿನಲ್ಲಿ
ಎರಡು ಗಂಟೆಗೊಮ್ಮೆ ಟಾರ್ಚು ಹಿಡಿದು
ನಾನೂರು ಬಾಲಗಳ ಕೆಳಗೆ ನೋಡಿದವಳು ನಾನು.
ಬಾಲ ಎತ್ತಿದ್ದು ಯಾವುದು, ಮಂದೆ ಬಿಟ್ಟು ಮೂಲೆ ಹಿಡಿದದ್ದು ಯಾವುದು,
ಮೆಲುಕು ಹಾಕುವ ಸೋಗು ಹಾಕಿದ್ದು ಯಾವುದು,
ಉಸಿರಿನ ಹೊಗೆಯಲ್ಲೇ ಗೊತ್ತಾಗುತ್ತಿತ್ತು.
ಹಗಲೇ ಈಯಲೆಂದು ಸಂಜೆ ಹುಲ್ಲು ಹಾಕಿ ನೋಡಿದೆವು.
ಅರ್ಧಕ್ಕಿಂತ ಹೆಚ್ಚು ಮಾತು ಕೇಳಿದವು.
ಕೇಳದವೇ ನನ್ನ ಸಂಬಳ.
ಚೊಚ್ಚಲ ಕಡಸುಗಳದೇ ಕಷ್ಟ: ಒಂದು ಗೊರಸು ಹೊರಗೆ,
ಇನ್ನೊಂದು ಒಳಗೇ ಮಡಚಿಕೊಂಡು.
ಮೊಣಕೈತನಕ ತೂರಿಸಿ ತಡಕುವಾಗ
ಲೋಕದಲ್ಲಿ ಬೆಚ್ಚಗಿದ್ದದ್ದು ಆ ಒಂದು ಕೈ.

ಮೈನಸ್ ಮೂವತ್ತರಲ್ಲಿ ಹುಟ್ಟಿದವನ್ನು
ಜಾರುಬಂಡಿಯಲ್ಲಿ ಎಳೆದು ಮನೆಯ ಸ್ನಾನದ ತೊಟ್ಟಿಗೆ ಹಾಕುತ್ತಿದ್ದೆ.
ಇಂಗಾ ಅಜ್ಜಿ ತನ್ನ ಟವೆಲುಗಳಿಗಾಗಿ ಬೈಯುತ್ತಲೇ
ಗಿಣ್ಣುಹಾಲು ಬೆಚ್ಚಗೆ ಮಾಡಿ ಕೊಡುವಳು.
ಕೆಲವು ಎದ್ದವು; ಕಿವಿಯ ತುದಿ ಹೆಪ್ಪುಗಟ್ಟಿ ಉದುರಿ
ಅಕ್ಟೋಬರಿನ ಹರಾಜಿನಲ್ಲಿ ಮೋಟುಕಿವಿಯ ಬೆಲೆಗೆ ಹೋದವು.
ಕೆಲವು ಏಳಲಿಲ್ಲ.
ಅವುಗಳ ಚರ್ಮ ಸುಲಿದು ತಬ್ಬಲಿಯೊಂದರ ಬೆನ್ನಿಗೆ ಕಟ್ಟಿ
ಮೋಸ ಹೋಗು ತಾಯಿ, ಎಂದು ಬೇಡಿಕೊಂಡಿದ್ದೇನೆ.
ಮೂಸಿ ಮೂಸಿ, ಗೊತ್ತಿದ್ದೂ ಮೋಸ ಹೋಗಿವೆ.

'ಬಯಲ ಜಿಂಕೆ ಯಾವಾಗ ಈಯುತ್ತದೆ?' ಎಂದ ರೋಲಿನ್,
ಬಾಯಿಪಾಠ ಒಪ್ಪಿಸುವ ಹುಡುಗನಂತೆ.
'ಹುಲ್ಲು ಬಂದ ಮೇಲೆ.'
ಹಾಲಿಳಿಯುವ ಹೊತ್ತಿಗೆ ಹಸಿರಿದ್ದರೆ ಬಣವೆ ಅರ್ಧ ಉಳಿಯುತ್ತದೆ.
ಈದವನ್ನು ಇದ್ದಲ್ಲೇ ಬಿಟ್ಟು, ಗಬ್ಬದವನ್ನು
ವಾರಕ್ಕೊಮ್ಮೆ ಹೊಸ ಕಾವಲಿಗೆ ದಾಟಿಸಿದರೆ
ಹಿರಿಕರುವಿನ ಭೇದಿ ಎಳೆಗರುವಿಗೆ ಅಂಟುವುದಿಲ್ಲ.
ನಾನೂ ಬಿಡಲಿಲ್ಲ: ಆಗಸ್ಟಿನಲ್ಲಿ ಹುಲ್ಲು ಒಣಗಿ, ಬೆದೆಗೆ ಬರದೆ
ನೂರಕ್ಕೆ ಹದಿನೈದು ಗೊಡ್ಡು ಉಳಿದರೆ?
ಹರಾಜಿನ ದಿನ ಕರು ನೂರೈವತ್ತು ಪೌಂಡು ಕಡಿಮೆ ತೂಗಿದರೆ?
'ತೂಗಲಿ. ಸತ್ತ ಕರು ಏನೂ ತೂಗುವುದಿಲ್ಲ.'

ತೂಗುತ್ತದೆ ರೋಲಿನ್, ಎನ್ನಬೇಕೆನಿಸಿತು.
ಎಳೆದು ಹಾಕಿದವಳು ನಾನು.
ಆದರೆ ಅದು ಅವನ ಪರವಾದ ಸಾಕ್ಷಿ; ಸುಮ್ಮನಾದೆ.

ಮೇ ಹತ್ತು ಬಂತು. ಹೋರಿಗಳಿಗೆ ಯಾರೂ ತಿಳಿಸಿರಲಿಲ್ಲ.
ಹದಿನಾರೂ ಬೇಲಿಗೆ ಎದೆಯೊತ್ತಿ
ಮಣ್ಣು ಕೆದರಿ ಗುಟುರು ಹಾಕಿದವು,
ಜೂನ್ ಇಡೀ, ಜುಲೈ ಇಡೀ. ಮೂರು ಕಂಬ ಮುರಿದವು.
ಧಾನ್ಯದ ಗೋದಾಮಿನ ಬಳಿ ಕೂತ ಗಂಡಸರು
ಹಾಗನ್‌ನ ಬ್ರಹ್ಮಚಾರಿಗಳು ಹೇಗಿದ್ದಾರೆಂದು ಕೇಳಿ ನಗುತ್ತಿದ್ದರು.

ಆ ಫೆಬ್ರವರಿ ನಾನು ಹೆದ್ದಾರಿ ಮೋಟೆಲಿನ ರಾತ್ರಿ ಕೌಂಟರಿನಲ್ಲಿದ್ದೆ.
ಎರಡಕ್ಕೆ ಸರಿಯಾಗಿ ಕಾಲು ತಾನೇ ಎದ್ದು
ಕಾರಿಡಾರಿನುದ್ದ ಒಂದು ಸುತ್ತು.
ಬಾಗಿಲುಗಳ ಹಿಂದೆ ಲಾರಿಯವರ ಗೊರಕೆ.
ಯಾರಿಗೂ ನೋವಿರಲಿಲ್ಲ.

ಮೇ ಹದಿನಾಲ್ಕು, ಪಾಳಿ ಮುಗಿಸಿ ಮನೆಗೆ ಹೋಗಬೇಕಾದವಳು
ಹಾಗನ್ ಕಾವಲಿನ ಕಡೆ ಕಾರು ತಿರುಗಿಸಿದೆ.
ದಿಬ್ಬದ ಮರೆಯಲ್ಲಿ ಇನ್ನೂರ ಹದಿನೇಳು, ನನ್ನ ಹಳೆಯ ಗುರುತಿನವಳು,
ಮಾಸು ತಿಂದು ಮುಗಿಸುತ್ತಿದ್ದಳು.
ಪಕ್ಕದಲ್ಲಿ ಕರು, ಆಗಲೇ ಒಣಗಿ, ಹುಲ್ಲಿನಷ್ಟೇ ಎತ್ತರಕ್ಕೆ ನಿಂತು
ಬಿದ್ದು, ಮತ್ತೆ ನಿಂತಿತು.
ನಾನು ಒಂದು ಹೆಜ್ಜೆ ಮುಂದಿಟ್ಟೆ.
ಅವಳು ತಲೆ ತಗ್ಗಿಸಿ ಕೊಂಬಿಲ್ಲದ ಹಣೆ ತೋರಿಸಿದಳು.

ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡೆ.
ದೂರದಿಂದಲೇ ಕಿವಿ ನೋಡಿದೆ. ಎರಡೂ ಇದ್ದವು, ತುದಿಸಮೇತ.